ಹೊಳೆ ದಾಟಿಸದ ಬಾಣಂತಿ

1994ರಲ್ಲಿ ಏಳನೇ ತರಗತಿಗೇ ಓದು ನಿಲ್ಲಿಸಿದವನು ನಾನು. ತಾಂಡ್ಯದ ಕಾರ್ಖಾನೆಯಲ್ಲಿ ಮೂಟೆ ಹೊತ್ತೆ, ಅಲ್ಲೇ ಡ್ರೈವಿಂಗ್ ಕಲಿತೆ. 2019ರಲ್ಲಿ ತಿ. ನರಸೀಪುರದ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಡ್ರೈವರ್ ಆದೆ. ಹೆರಿಗೆಯಾದವರನ್ನು ಮಗುವಿನ ಸಮೇತ ಮನೆಗೆ ಬಿಡುವ ಕೆಲಸ. ಹಸಿ ಬಾಣಂತಿ ಕೂತಿದ್ದಾಗ ಹಂಪ್ ಮೇಲೆ ವ್ಯಾನ್ ಹತ್ತಿಸುವುದನ್ನು ನನ್ನನ್ನು ನೋಡಿ ಕಲಿಯಬೇಕು, ಜಂಬವೆಂದರೂ ಸರಿ.

ಆ ವರ್ಷ ಮಂಜುಳ ಎಂಬುವಳನ್ನು ಹೊಳೆಯಾಚೆ ಸೋಸಲೆಯ ತವರಿಗೆ ಬಿಟ್ಟಿದ್ದೆ. ಮುಂದಿನ ವಾರ ಅದೇ ಬೀದಿಗೆ ಹೋದಾಗ ಮಗುವನ್ನೆತ್ತಿಕೊಂಡು ವ್ಯಾನಿನ ಹತ್ತಿರ ಬಂದಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಹೋಗಿತ್ತು.

“ಅಣ್ಣಾ, ಇದು ನನ್ ಮಗ ಅಲ್ಲ ಕಣಣ್ಣ. ಆಸ್ಪತ್ರೇಲೇ ಬದ್ಲಾಯ್ಸವ್ರೆ. ವಾಪಸ್ ಕೊಟ್ಬುಡಾನ, ನಡೀರಿ.”

ತಾಯಿ ಪುಟ್ಟತಾಯಮ್ಮ ಓಡಿಬಂದು, “ಗಾಳಿ ಸೋಕ್ಬುಟ್ಟದೆ ಕಣಪ್ಪ, ತಾಯ್ತ ಕಟ್ಸಿವ್ನಿ” ಎಂದು ಒಳಗೆ ಎಳೆದುಕೊಂಡರು.

ಆಸ್ಪತ್ರೆಯ ನರ್ಸಮ್ಮನಿಗೆ ಹೇಳಿದೆ. ಅದು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಇರಬಹುದು ಎಂದರು. ಹೆರಿಗೆಯ ನಂತರ ಕೆಲವರ ಮನಸ್ಸು ಕದಡಿ, ಇಲ್ಲದ್ದೆಲ್ಲ ನಿಜವೆನಿಸುವ ಕಾಯಿಲೆ. ಚಿಕಿತ್ಸೆ ಬೇಗ ಸಿಕ್ಕರೆ ವಾಸಿಯಾಗುತ್ತದೆ. “ಇವತ್ತೇ ಕರ್ಕೊಂಡ್ ಬನ್ನಿ.”

ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಂಡು ಹೋದೆ. ಪುಟ್ಟತಾಯಮ್ಮ ಬಾಗಿಲಿಗೆ ಅಡ್ಡ ನಿಂತರು.

“ಬಾಣಂತಿ ಒಳೆ ದಾಟ್ಬಾರ್ದು. ಮೂರ್ ತಿಂಗ್ಳು ತುಂಬ್ಲಿ.”

“ಆಸ್ಪತ್ರೆಯಿಂದ ಬತ್ತಾ ನಾನೇ ದಾಟ್ಸುದ್ನಲ್ಲವ್ವ?”

“ಅದು ಮನೆಗ್ ಬರೋದು. ಮನೆ ಬುಟ್ಟು ಓಗೋದು ಬ್ಯಾರೆ. ನೀನೆಷ್ಟ್ ಬಾಣಂತನ ಮಾಡಿದ್ದೀಯಪ್ಪ? ಸ್ಟೇರಿಂಗ್ ಇಡ್ಕೊಳಾದ್ ನೋಡೋಗು.”

ಮತ್ತೆ ಹೋದೆವು, ನರ್ಸಮ್ಮನೂ ಬಂದರು. ಆಗಲೂ ವ್ಯಾನ್ ಬಾಣಂತಿಯಿಲ್ಲದೆಯೇ ಸೇತುವೆ ದಾಟಿ ಹಿಂತಿರುಗಿತು.

ಅಷ್ಟರಲ್ಲಿ ನಂಜನಗೂಡಿನಿಂದ ಗಂಡನ ಮನೆಯವರು ಮಗು ನೋಡಲು ಬಂದರು. ಮಂಜುಳ ಬೀದಿಯಲ್ಲಿ ಹೋಗುವವರ ಕೈಗೆ ಮಗುವನ್ನು ಕೊಡುತ್ತಿದ್ದಳಂತೆ. “ಉಚ್ಚಿ ಕೈಲಿ ನಮ್ ಮಗ ಬುಡಾಕಾಯ್ತದಾ?” ಎಂದು ಅತ್ತೆ ಎತ್ತಿಕೊಂಡು ಹೋದರು. ಹಸುಗೂಸನ್ನು ಹೊಳೆ ದಾಟಿಸುವಾಗ ಯಾರೂ ಅಡ್ಡ ಬರಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಪುಟ್ಟತಾಯಮ್ಮನೇ ಮಗಳನ್ನು ಕರೆತಂದರು. ಮಾತ್ರೆ ಹಿಡಿಯಿತು. ಮಂಜುಳ ಗುಣವಾಗಿ ಕೇಳಿದ ಮೊದಲ ಮಾತು, “ನನ್ ಮಗ ಎಲ್ಲವ್ವ?”

ನನ್ನ ರಜೆಯ ದಿನ ಅವಳನ್ನು ನಂಜನಗೂಡಿಗೆ ಕರೆದೊಯ್ದೆ. ವಾಸಿಯಾಗಿದೆಯೆಂದು ಡಾಕ್ಟರು ಬರೆದುಕೊಟ್ಟಿದ್ದರು. ಅತ್ತೆ ಕಿಟಕಿಯಿಂದಲೇ, “ಇವತ್ ಸರ್ಯಾಗವ್ಳೆ, ನಾಳೆ?” ಎಂದು ಕಿಟಕಿ ಬಾಗಿಲು ಮುಚ್ಚಿದರು. ಒಳಗೆ ಮಗು ಅಳುತ್ತಿತ್ತು. ಮಂಜುಳಳ ರವಿಕೆ ಒದ್ದೆಯಾಗಲಿಲ್ಲ. ಎದೆಹಾಲು ಎಂದೋ ಬತ್ತಿತ್ತು. ಈಗ ಆ ಹುಡುಗ ಆ ಮನೆಯಲ್ಲಿ ತನ್ನನ್ನು ಸಾಕಿದ ದೊಡ್ಡಮ್ಮನನ್ನು ಅಮ್ಮ ಎನ್ನುತ್ತಾನೆ.

ನನ್ನ ಕೆಲಸ ಕಲಿಸಿದ್ದಿಷ್ಟು: ಎಲ್ಲರೂ ಮಗುವಿನ ತೂಕ ಕೇಳುತ್ತಾರೆ, ತಾಯಿಯನ್ನು ಮಾತನಾಡಿಸುವವರಿಲ್ಲ. ಈಗ ದಾರಿಯಲ್ಲಿ ನಾನು ಕೇಳುತ್ತೇನೆ, “ನಿದ್ದೆ ಬಂತಾ ತಾಯಿ?”

ನನಗೀಗ ಸೋರದ ಮನೆಯೊಂದು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಬಸುರಿ.