ಕೆಜಿಯಾ ಬರೆದ ಕ್ಯಾನುಗಳಿಗೆ ನೀರು ತುಂಬಿದ ದಿನ

ಕೆಜಿಯಾ ಟ್ರಾಂಟರ್ ಅವರಿಗೆ ಎಪ್ಪತ್ತನಾಲ್ಕು ವರ್ಷ. ಕಾಲುವೆಯಲ್ಲಿ ಹೋಗುವ ಯಾವ ದೋಣಿಯನ್ನಾದರೂ ಅವರು ದಡದ ಮೇಲೆ ನಡೆದೇ ಹಿಂದೆ ಹಾಕಬಲ್ಲರು. ಅದೇನೂ ಹೆಚ್ಚುಗಾರಿಕೆಯಲ್ಲ, ನಮ್ಮ ದೋಣಿಗಳು ಓಡುವುದೇ ನಡಿಗೆಯ ವೇಗದಲ್ಲಿ. ಕಟ್ಟಿಹಾಕಿದ ದೋಣಿಗಳ ಪಕ್ಕ ಹಾಯುವಾಗ ಅದಕ್ಕಿಂತಲೂ ನಿಧಾನವಾಗಿ ಹೋಗಬೇಕು, ಇಲ್ಲದಿದ್ದರೆ ಒಳಗೆ ಕೂತವರ ಚಹಾ ತುಳುಕುತ್ತದೆ. ಯಾರಾದರೂ ಕೊಂಚ ಜೋರಾಗಿ ಬಂದರೆ ಸಾಕು, ಕೆಜಿಯಾ ಕುಂಚ ಹಿಡಿದೇ ವರ್ಕ್‌ಶಾಪಿನಿಂದ ಹೊರಬಂದು "ನಿಧಾನಾ!" ಎಂದು ಕೂಗುತ್ತಾರೆ. ಆ ಕೂಗಿಗೆ ನನ್ನ ಹತ್ತು ತಿಂಗಳ ಮಗಳು ಟ್ಯಾನ್ಸಿ ಎದ್ದು ಅಳುತ್ತಾಳೆ. ದೋಣಿ ಅಲುಗಿದ್ದಕ್ಕೆ ಅವಳು ಒಮ್ಮೆಯೂ ಎದ್ದವಳಲ್ಲ.

ಕಲ್ಲಿದ್ದಲು ಸಾಗಿಸುವ ದೋಣಿಯಲ್ಲಿ ಹುಟ್ಟಿದವರು ಅವರು. ಅಪ್ಪ ಚುಕ್ಕಾಣಿ ಹಿಡಿದರೆ ಅಮ್ಮ ಹಗ್ಗ ಎಳೆಯುತ್ತಿದ್ದರಂತೆ, ಇವರನ್ನು ಚಾವಣಿಯ ಚಿಮಣಿಗೆ ಸೊಂಟಪಟ್ಟಿಯಿಂದ ಕಟ್ಟಿಹಾಕಿ. ನಾನೂ ಟ್ಯಾನ್ಸಿಯನ್ನು ಹಾಗೆ ಕಟ್ಟಲೇ ಎಂದು ಕೇಳಿದಾಗ, "ಚಿಮಣಿ ಬಿಸಿ ಇದ್ಯಾ ನೋಡ್ಕೋ, ಬಾತುಮರಿ" ಎಂದಿದ್ದರು. ನಮ್ಮ ಸ್ಟಾಫರ್ಡ್‌ಶೈರಿನಲ್ಲಿ ಪ್ರೀತಿ ಬಂದರೂ ಸಿಟ್ಟು ಬಂದರೂ ಜನರನ್ನು ಬಾತುಮರಿ ಎಂದೇ ಕರೆಯುವುದು.

ನಾವೆಲ್ಲ ದೋಣಿಗಳಲ್ಲೇ ಮನೆಮಾಡಿಕೊಂಡಿರುವ ಈ ದೋಣಿ ತಂಗುದಾಣದ ವರ್ಕ್‌ಶಾಪಿನಲ್ಲಿ ಒಂದು ಮೂಲೆ ಅವರದು. ದೋಣಿಗೆ ಹೆಸರು ಬರೆಯುತ್ತಾರೆ, ಬಾಗಿಲಿಗೆ ಕೋಟೆಯ ಚಿತ್ರ ಬರೆಯುತ್ತಾರೆ, ನೀರಿನ ಕ್ಯಾನಿಗೆ ಗುಲಾಬಿ ಬರೆಯುತ್ತಾರೆ. ಇಲ್ಲಿನ ಹನ್ನೆರಡು ದೋಣಿಗಳ ಚಾವಣಿಯ ಮೇಲೂ ಅವರ ಕ್ಯಾನು ಇದೆ. ಹಿಂದೆ ಕುಡಿಯುವ ನೀರು ಅದರಲ್ಲೇ ಬರುತ್ತಿತ್ತು. ಈಗ ಎಲ್ಲರ ಅಡುಗೆಮನೆಯಲ್ಲೂ ನಲ್ಲಿಯಿರುವುದರಿಂದ ಅದು ಬರೀ ಅಲಂಕಾರ. ಕ್ಯಾನು ಕೊಡುವಾಗ ಮಾತು ತೆಗೆದುಕೊಳ್ಳುತ್ತಿದ್ದರು: "ನೀರು ಹಾಕ್ಬಾರ್ದು. ಒಳಗಿಂದ ತುಕ್ಕು ಹಿಡಿದ್ರೆ ನನ್ನ ಗುಲಾಬಿ ಉದುರತ್ತೆ. ಹಾಕಿದ್ದು ಕಂಡ್ರೆ ನಿನ್ನನ್ನೇ ಕಾಲುವೆಗೆ ಹಾಕ್ತೀನಿ."

ಅವರ ಇನ್ನೊಂದು ಪಾಠ ಚಿಂದಿಬಟ್ಟೆಯದು. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯನ್ನು ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದರೆ ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಒಂದೊಂದನ್ನೂ ಹರವಿ ಒಣಹಾಕಬೇಕು. ಬಣ್ಣ ಮುಟ್ಟದ ನನಗೂ ಇದನ್ನು ಹತ್ತಾರು ಸಲ ಹೇಳಿದ್ದರು.

ಫೆಬ್ರುವರಿಯಲ್ಲಿ ಒಂದು ಪ್ರಕರಣವಾಗಿತ್ತು. ಹಳೆಯ ಬಣ್ಣ ಸುಲಿಯುವ ಬಿಸಿಗಾಳಿಯ ಯಂತ್ರದಲ್ಲಿ ಕೆಜಿಯಾ ರೊಟ್ಟಿ ಸುಟ್ಟುಕೊಳ್ಳಲು ಹೋಗಿ ಹೊಗೆಯ ಗಂಟೆ ಬಡಿದುಕೊಂಡಿತು. ಮ್ಯಾನೇಜರ್ ಕ್ರಿಸ್ಪಿನ್ ಲವೆಟ್ ಓಡಿಬಂದ. "ಇನ್ನೊಂದು ಸಲ ನಿಮ್ಮಿಂದ ಹೊಗೆ ಎದ್ರೆ ಬೀಗದ ಕೈ ವಾಪಸ್ ಕೊಡ್ಬೇಕಾಗತ್ತೆ, ಕೆಜಿಯಾ. ಬೇಜಾರ್ ಮಾಡ್ಕೋಬೇಡಿ." ಆ ಕೀಲಿಯನ್ನು ಅವರು ದಾರ ಕಟ್ಟಿ ಕೊರಳಲ್ಲಿ ಹಾಕಿಕೊಂಡಿರುತ್ತಾರೆ. ಅದು ಹೋದರೆ ಉಳಿಯುವುದು ಅವರು ರಾತ್ರಿ ಮಲಗಲಷ್ಟೇ ಹೋಗುವ ತಂಗಿ ಆಲ್ಮಾಳ ಫ್ಲಾಟು. ಅಲ್ಲಿ ನೀರು ಕಾಣದು, ಬಣ್ಣದ ವಾಸನೆಯಿಲ್ಲ, ಹಗಲಿಡೀ ಟಿವಿ.

ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ನಾನು ಟ್ಯಾನ್ಸಿಯ ಲಂಗೋಟಿ ಒಣಹಾಕುತ್ತಿದ್ದೆ, ಕೆಜಿಯಾ ವರ್ಕ್‌ಶಾಪಿನೊಳಗಿನ ಹಗ್ಗಕ್ಕೆ ಚಿಂದಿ ಹರವುತ್ತಿದ್ದರು. ಆಗ ಬಾಡಿಗೆ ದೋಣಿಯೊಂದು ಅಲೆಯೆಬ್ಬಿಸಿಕೊಂಡು ಬಂತು. "ನಿಧಾನಾ!" ದೋಣಿಯವರು ನಮಸ್ಕಾರವೆಂದುಕೊಂಡು ಕೈಬೀಸಿದರು. ಕೆಜಿಯಾ ಕೈಯಲ್ಲಿದ್ದದ್ದನ್ನು ಒಳಗೆ ಎಲ್ಲೋ ಎಸೆದು ಬೆನ್ನಟ್ಟಿದರು.

ಅರ್ಧ ಮೈಲಿಯಲ್ಲಿ ಹಿಡಿದರಂತೆ. ದೋಣಿಯಲ್ಲಿದ್ದವರು ಶಾಲೆಯಿಂದ ನಿವೃತ್ತರಾದ ಇಬ್ಬರು ಮೇಡಂಗಳು. ಕ್ಷಮೆ ಕೇಳಿ, ಕೇಕು ಕೊಟ್ಟು, ನಿಧಾನ ಹೋಗುವುದು ಹೇಗೆಂದು ಕಲಿಸಿಕೊಡಿ ಎಂದರು. ಇಂಥ ಮಾತು ಕೆಜಿಯಾಗೆ ಜೀವನದಲ್ಲೇ ಯಾರೂ ಹೇಳಿರಲಿಲ್ಲ. ಚುಕ್ಕಾಣಿ ಹಿಡಿದು ಮುಂದಿನ ಹಳ್ಳಿಯವರೆಗೂ ಹೋದರು.

ನಾಲ್ಕು ಗಂಟೆಗೆ ವರ್ಕ್‌ಶಾಪಿನ ಕಿಟಕಿಯಿಂದ ಹೊಗೆ ಬಂತು.

ನಾನು ಟ್ಯಾನ್ಸಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿ, ದೂರದ ಸೇತುವೆಯ ಬಳಿ ನೆರೆಯಾಕೆಯ ಕೈಗೆ ಒಪ್ಪಿಸಿ ಓಡಿಬಂದೆ. ಬೆಂಕಿ ಆರಿಸುವ ದೊಡ್ಡ ಸಿಲಿಂಡರು ವರ್ಕ್‌ಶಾಪಿನೊಳಗೇ ಇತ್ತು, ಬೆಂಕಿಯ ಆಚೆ. ದೋಣಿಗಳ ಪುಟ್ಟ ಸಿಲಿಂಡರುಗಳು ಎರಡು ಸಲ ಉಗುಳಿ ಸುಮ್ಮನಾದವು. ಬಕೆಟು ಇದ್ದದ್ದು ಇಡೀ ತಂಗುದಾಣಕ್ಕೆ ಮೂರು. ಅವನ್ನು ಹಿಡಿದವರು ನೀರಿನಂಚಿನಲ್ಲಿ ಸಾಲಾಗಿ ನಿಂತಿದ್ದರು.

"ನೀವು ಮೊದ್ಲು ತುಂಬ್ಕೊಳ್ಳಿ."

"ಛೆ ಛೆ, ನೀವೇ ಮೊದ್ಲು ಬಂದಿದ್ದು."

ಅಷ್ಟರಲ್ಲಿ ಕೆಜಿಯಾ ಉಳಿದ ಕೇಕಿನ ಪೊಟ್ಟಣ ಹಿಡಿದು ದಡದ ಮೇಲೆ ನಡೆದು ಬಂದರು. "ಕ್ಯಾನು ತಗೊಳ್ರೋ, ಪೆದ್ದುಗಳಾ! ನಿಮ್ಮ ತಲೆ ಮೇಲೇ ಹನ್ನೆರಡು ಕ್ಯಾನಿದೆ!"

ಬ್ಯಾಂಕಿನಲ್ಲಿದ್ದು ನಿವೃತ್ತರಾದ ನಾರ್ಬರ್ಟ್ ಸ್ಕೆಲ್ಟನ್ ಸಂಕೋಚದಿಂದ ಕೈಯೆತ್ತಿದರು. "ನೀರು ಹಾಕಲ್ಲ ಅಂತ ನಾವು ಮಾತು ಕೊಟ್ಟಿದೀವಲ್ಲ, ಕೆಜಿಯಾ?"

"ಮಾತು ವಾಪಸ್ ತಗೋ! ತುಂಬು!"

ತುಂಬಿದೆವು. ಕೈಯಿಂದ ಕೈಗೆ ಹೂವಿನ ಕ್ಯಾನುಗಳು ಹೊರಟವು. ಆದರೆ ನಾಲ್ಕನೆಯದು ಕೆಜಿಯಾರ ಕೈಗೆ ಬರುವಷ್ಟರಲ್ಲಿ ಅರ್ಧ ಖಾಲಿ. ಎತ್ತಿ ತಳ ನೋಡಿದರು.

"ತೂತು! ನನ್ನ ಕ್ಯಾನಿಗೆ ತೂತು ಕೊರೆದೋರು ಯಾರು?"

"ಕೆಜಿಯಾ, ಬೆಂಕಿ!"

"ಬೆಂಕಿ ಅಲ್ಲೇ ಇರತ್ತೆ! ಯಾರದಿದು?"

ನನ್ನದು. "ಜೆರೇನಿಯಂ ಗಿಡ ಹಾಕಿದ್ದೆ," ಎಂದೆ. "ನೀರು ನಿಂತ್ರೆ ಬೇರು ಕೊಳೆಯತ್ತಲ್ಲ. ಟ್ಯಾನ್ಸಿಗೆ ಕೆಂಪು ಹೂವು ಇಷ್ಟ."

"ತೂತಿಗೆ ಬೆರಳು ಒತ್ಹಿಡಿದು ಓಡು! ತಾಯಿ ಆದೋಳಿಗೆ ಒಂದು ಸೋರಿಕೆ ನಿಲ್ಸೋಕೆ ಬರಲ್ವಾ?"

ನನ್ನ ಹಿಂದೆ ಇನ್ನೂ ನಾಲ್ವರು ಗುಟ್ಟಾಗಿ ತಳಕ್ಕೆ ಬೆರಳಿಟ್ಟುಕೊಂಡೇ ಬರುತ್ತಿದ್ದರು. ಕೊನೆಗೆ ಆಫೀಸಿನಿಂದ ಓಡಿಬಂದ ಕ್ರಿಸ್ಪಿನ್. ಅವನ ಕ್ಯಾನಿನಲ್ಲಿ ತೂತಿನ ಜೊತೆ ಗಿಡವೂ ಇತ್ತು.

ಕಾಲು ಗಂಟೆಯಲ್ಲಿ ಬೆಂಕಿ ಆರಿತು. ಸುಟ್ಟದ್ದು ಕೆಜಿಯಾರ ಮೂಲೆ ಮಾತ್ರ, ಒಂದು ಕಪಾಟು ಮತ್ತು ಅರ್ಧ ಮೇಜು. ಆಮೇಲೆ ಅಗ್ನಿಶಾಮಕ ದಳ ಬಂತು. ಅಧಿಕಾರಿ ಬೂದಿ ಕೆದಕಿ, "ವೈರಿಂಗ್ ಇರ್ಬಹುದಾ? ಹಳೇ ಕಟ್ಟಡ," ಎಂದರು. "ಇರ್ಬಹುದು, ಇರ್ಬಹುದು," ಎಂದು ನಾವೆಲ್ಲ ಒಟ್ಟಿಗೆ ತಲೆಯಾಡಿಸಿದೆವು. ಕ್ರಿಸ್ಪಿನ್ ಕೂಡ ಆಡಿಸಿದ.

ಕೆಜಿಯಾ ಕೊರಳಿನ ಕೀಲಿ ಹಿಡಿದುಕೊಂಡು ನಿಂತಿದ್ದರು. ಸುಮ್ಮನಿದ್ದರೆ ಸಾಕಿತ್ತು.

"ವೈರಿಂಗ್ ಅಲ್ಲ, ಸ್ವಾಮಿ. ನನ್ನ ಚಿಂದಿ. ಬೆಳಿಗ್ಗೆ ಮುದ್ದೆ ಮಾಡಿ ಪೆಟ್ಟಿಗೆಗೆ ಎಸೆದು ಹೋದೆ." ಅವರು ನಮ್ಮತ್ತ ತಿರುಗಿದರು. "ಇಪ್ಪತ್ತು ವರ್ಷ ಇವ್ರಿಗೆ ಪಾಠ ಹೇಳಿದ್ದು ನಾನು. ಈಗ ವೈರಿಂಗ್ ಅಂದ್ರೆ, ನಾಳೆ ಇವ್ರಲ್ಲಿ ಯಾರಾದ್ರೂ ಮುದ್ದೆ ಮಾಡಿಡ್ತಾರೆ." ದಾರ ಬಿಚ್ಚಿ ಕೀಲಿಯನ್ನು ಕ್ರಿಸ್ಪಿನ್‌ನ ಒದ್ದೆ ಕೈಗೆ ಹಾಕಿ, ಕೇಕಿನ ಪೊಟ್ಟಣ ನನಗೆ ಕೊಟ್ಟು ಬಸ್ಸು ಹಿಡಿಯಲು ಹೋದರು. ಆ ರಾತ್ರಿ ಡೈರಿಯಲ್ಲಿ ನಾನು ಬರೆದದ್ದು ಇಷ್ಟೇ: ಕೇಕು ಚೆನ್ನಾಗಿತ್ತು, ಅರ್ಧ ಅವರಿಗೇ ಎತ್ತಿಟ್ಟೆ.

ಮರುದಿನ ಬೆಳಿಗ್ಗೆ ಆಫೀಸಿನ ಮುಂದೆ ಸಾಲು. ಸಾಲು ನಿಲ್ಲುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಎಲ್ಲರ ಕೈಯಲ್ಲೂ ತಗ್ಗುಬಿದ್ದ, ಮಸಿ ಹಿಡಿದ, ಗುಲಾಬಿ ಬೊಬ್ಬೆಯೆದ್ದ ಕ್ಯಾನು.

"ಇವಕ್ಕೆ ಬಣ್ಣ ಬಳಿಯೋರು ಬೇರೆ ಯಾರೂ ಇಲ್ವಾ?" ಎಂದ ಕ್ರಿಸ್ಪಿನ್.

"ಪೇಟೆಯಲ್ಲಿ ಸ್ಟಿಕ್ಕರ್ ಅಂಟಿಸೋನು ಒಬ್ಬ ಇದಾನೆ," ಎಂದರು ನಾರ್ಬರ್ಟ್.

ಸಾಲಿನವರೆಲ್ಲ ತಮ್ಮ ಕ್ಯಾನನ್ನು ಎದೆಗೆ ಅವುಚಿಕೊಂಡರು. ಕ್ರಿಸ್ಪಿನ್ ಮೇಜಿನ ಕೆಳಗಿಂದ ತನ್ನ ಕ್ಯಾನನ್ನು ತೆಗೆದು ನೋಡಿದ. ಅರ್ಧ ಗುಲಾಬಿ ಮಾತ್ರ ಉಳಿದಿತ್ತು. ನಿಟ್ಟುಸಿರುಬಿಟ್ಟು ಆಲ್ಮಾಳ ಮನೆಗೆ ಫೋನು ಮಾಡಿದ. "ಕೆಜಿಯಾ, ನಿಜ ಹೇಳಿದ್ರಿ ಅಂತ ಕರೀತಿದೀನಿ. ಎರಡು ಷರತ್ತು. ಚಿಂದಿ ಇನ್ನು ಹೊರಗೇ ಒಣಗ್ಬೇಕು. ರೊಟ್ಟಿ ಮನೆಯಲ್ಲೇ ಸುಟ್ಟು ತರಬೇಕು."

"ನಂದೂ ಒಂದಿದೆ," ಎಂಬ ದನಿ ಸಾಲಿನ ಕೊನೆಯವರೆಗೂ ಕೇಳಿತು. "ತೂತಿನ ಕ್ಯಾನಿಗೆಲ್ಲ ಬಣ್ಣ ಕೊನೆಗೆ. ಎಲ್ಲಕ್ಕಿಂತ ಕೊನೆಗೆ ನಿಂದು!"

ವರ್ಕ್‌ಶಾಪಿನ ಹೊರಗಿರುವ ಹಗ್ಗ ನನ್ನದೊಂದೇ. ಹಾಗಾಗಿ ಈಗ ಟ್ಯಾನ್ಸಿಯ ಲಂಗೋಟಿಗಳ ನಡುವೆ ಕೆಜಿಯಾರ ಚಿಂದಿಗಳು ಹಾರಾಡುತ್ತವೆ, ಮಗಳ ಮೈಯೆಲ್ಲ ಅಗಸೆ ಎಣ್ಣೆಯ ವಾಸನೆ. ತಿಂಗಳಿಗೊಮ್ಮೆಯಾದರೂ ಅವಸರದ ದೋಣಿಯೊಂದು ಬರುತ್ತದೆ. ಆಗ ಕೆಜಿಯಾ ಹರವುತ್ತಿದ್ದ ಬಟ್ಟೆಗಳನ್ನು ನನ್ನ ಕೈಗೆ ತುರುಕಿ, "ಹಿಡ್ಕೋ ಬಾತುಮರಿ, ಮುದ್ದೆ ಮಾಡ್ಬೇಡ! ನಿಧಾನಾ!" ಎಂದು ಒಂದೇ ಉಸಿರಿನಲ್ಲಿ ಕೂಗಿ ಓಡುತ್ತಾರೆ. ಎರಡೂ ಕೈಯಲ್ಲಿ ಎಣ್ಣೆಬಟ್ಟೆಗಳನ್ನು ಅಗಲಕ್ಕೆ ಹಿಡಿದು ನಾನು ನಿಂತಿರುತ್ತೇನೆ. ಒಳಗೆ ಟ್ಯಾನ್ಸಿ ಎದ್ದು ಅಳಲು ಶುರುಮಾಡಿರುತ್ತಾಳೆ.