ಅಮ್ಮನ ನೀರಿನ ಹರಕೆ

ನಾನೊಬ್ಬ ನೀರುಕಳ್ಳ. ಚರ್ಚಿನಲ್ಲಿ ಪಾಪನಿವೇದನೆಗೆ ಹೋಗಿ ಇದನ್ನು ಹೇಳಿಕೊಂಡಾಗ ನಮ್ಮ ಫಾದರ್ ಪರದೆಯ ಆಚೆ ಕೆಮ್ಮಿದಂತೆ ಮಾಡಿ ನಕ್ಕರು. ನಿಮಗೂ ನಗು ಬಂದರೆ ನನಗೇನೂ ಬೇಸರವಿಲ್ಲ. ನನ್ನ ಎರಡೂ ಕಿಡ್ನಿಗಳು ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡವು. ನಾಲ್ಕು ವರ್ಷಗಳಿಂದ ವಾರಕ್ಕೆ ಮೂರು ಸಲ ಕುಂದಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ದಿನಕ್ಕೆ ಮುಕ್ಕಾಲೇ ಲೀಟರ್ ನೀರು ಎಂದು ಡಾಕ್ಟರ ಕಟ್ಟಪ್ಪಣೆ. ಚಹಾ, ಸಾರು, ಗಂಜಿತಿಳಿ, ಮಾತ್ರೆ ನುಂಗುವ ಗುಟುಕು ಎಲ್ಲ ಅದರಲ್ಲೇ ಬಂತು. ಐದು ಹೊಳೆಗಳು ಓಡಿ ಬಂದು ಕಡಲು ಸೇರುವ ಊರಿನಲ್ಲಿ, ಹಿತ್ತಿಲಿಗೆ ಹೊಳೆ, ಅಂಗಳಕ್ಕೆ ಬಾವಿ ಇರುವ ಮನೆಯಲ್ಲಿ ಕೂತು ಮುಕ್ಕಾಲು ಲೀಟರ್!

ಅದೂ ನಾನು ಯಾರು ಗೊತ್ತೇ? ಬೈಂದೂರಿನ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದ ಮಾಸ್ಟ್ರು. ಕಪ್ಪುಹಲಗೆಯ ಮೇಲೆ ಎರಡು ಗೇರುಬೀಜ ಬರೆದು, "ಮಕ್ಕಳೇ, ಇದು ಮೂತ್ರಪಿಂಡ, ಇದಕ್ಕೆ ದಿನಾ ಚೆನ್ನಾಗಿ ನೀರು ಕುಡಿಸಬೇಕು" ಎಂದು ಕಲಿಸಿದವನು. ಆ ಮಕ್ಕಳೀಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಗೌರವದಿಂದ ನೀರಿನ ಬಾಟಲಿ ಚಾಚುತ್ತಾರೆ.

ನೆಂಟರ ಮನೆಗಂತೂ ಹೋಗುವ ಹಾಗೇ ಇಲ್ಲ. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಕುಶಲ. ನೆರೆಮನೆಯ ಶೇಷಕ್ಕ ನನ್ನನ್ನು ಕಂಡರೆ ಸಾಕು, "ಹ್ವಾಯ್ ಮಾಸ್ಟ್ರೆ, ಆಸ್ರಿಗೆ ಎಂತ ಕೊಡ್ಲಿ?" ಎಂದು ಬಾಯಾರಿಕೆ ವಿಚಾರಿಸುತ್ತಾರೆ. ಬೇಡ ಎಂದರೆ, "ಬರೀ ನೀರಾರೂ ಕುಡಿನಿ ಮಾರಾಯ್ರೆ, ನೀರ್ ಕುಡ್ರೆ ಎಂತ ಆತ್ತ್?" ಎಂದು ಚೊಂಬು ತಂದಿಟ್ಟು ಒಳಗೆ ಹೋಗುತ್ತಾರೆ. ಆ ಚೊಂಬು ನಾನು ಹೊರಡುವಾಗ ಅರ್ಧವಾಗಿರುವುದು ಹೇಗೆ ಎಂದು ಮಾತ್ರ ಕೇಳಬೇಡಿ.

ಫಾದರ್ ಹತ್ತಿರ ಹೇಳಿಕೊಂಡರೆ ಕ್ಷಮೆಯಾದರೂ ಸಿಗುತ್ತದೆ. ಡಯಾಲಿಸಿಸ್ ಕೋಣೆಯ ತೂಕದ ಯಂತ್ರ ಕ್ಷಮಿಸುವುದಿಲ್ಲ. ಕುಡಿದದ್ದಷ್ಟನ್ನೂ ಅದು ಒದರಿಬಿಡುತ್ತದೆ. "ಮೂರ್ ಕೆಜಿ ಹೆಚ್ಚ್ ಬಂದಿತ್ತ್ ಮಾಸ್ಟ್ರೆ. ಎಂತ ಕುಡ್ದ್ರಿ, ಸತ್ಯ ಹೇಳಿ," ಎಂದು ನರ್ಸ್ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತರೆ ನಾನು ಹೋಂವರ್ಕ್ ಮಾಡದ ಹುಡುಗನಂತೆ ಗೋಡೆ ನೋಡುತ್ತೇನೆ. ಭಾನುವಾರದ ಪೂಜೆಯಲ್ಲೂ ನನ್ನ ಧ್ಯಾನ ನೀರಿನದ್ದೇ. ಕಾನಾ ಊರಿನ ಮದುವೆಯಲ್ಲಿ ಯೇಸುವಿನ ಮಾತಿಗೆ ಆರು ಕಲ್ಲುಬಾನಿ ನೀರು ದ್ರಾಕ್ಷಾರಸವಾಯಿತು ಎಂದು ಬೈಬಲ್ ಓದಿದಾಗ ಊರೆಲ್ಲ ಹಿಗ್ಗುತ್ತದೆ. ನಾನೊಬ್ಬ ಮಾತ್ರ, "ಅಯ್ಯೋ, ಅಷ್ಟೂ ನೀರು ಹೋಯಿತಲ್ಲ!" ಎಂದು ಕೊರಗುತ್ತೇನೆ.

ಒಂದು ದಿನ ಹಿತ್ತಿಲಿಗೆ ಹೋದವನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹೆಂಡತಿ ಲಿಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಟಗಟನೆ ನೀರು ಕುಡಿಯುವುದನ್ನು ಕಂಡೆ. ನನ್ನನ್ನು ನೋಡಿದ್ದೇ ಅವಳಿಗೆ ನೀರು ನೆತ್ತಿಗೆ ಹತ್ತಿತು. ಆಮೇಲೆ ಒಂದೊಂದೇ ಗುಟ್ಟು ಹೊರಗೆ ಬಂತು. ಮಗಳು ಜೆನಿಟಾ ಬಚ್ಚಲಲ್ಲಿ ಬಾಟಲಿ ಇಟ್ಟುಕೊಂಡಿದ್ದಳು. ನಾಲ್ಕು ವರ್ಷಗಳಿಂದ ನನ್ನ ಮನೆಯವರು ನನ್ನ ಕಣ್ಣು ತಪ್ಪಿಸಿ ನೀರು ಕುಡಿಯುತ್ತಿದ್ದರು! ನಾನೊಬ್ಬನೇ ಕಳ್ಳ ಎಂದುಕೊಂಡಿದ್ದರೆ ಇಡೀ ಸಂಸಾರವೇ ಕಳ್ಳರದ್ದು. ನಕ್ಕು ನಕ್ಕು ಸುಸ್ತಾದೆ, ಆಮೇಲೆ ಸ್ವಲ್ಪ ಅತ್ತೆ. "ಎದುರೇ ಕುಡಿಯೇ ಮಾರಾಯ್ತಿ" ಎಂದರೆ ಲಿಲ್ಲಿ, "ನಿಮ್ಮೆದ್ರಿಗ್ ಗಂಟ್ಲಲ್ ಇಳಿತಿಲ್ಲೆ" ಎಂದಳು. ನಮ್ಮ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಮತ್ತು ಪ್ರೀತಿ ಎರಡೂ ಕುಂದಾಪ್ರ ಕನ್ನಡದಲ್ಲಿ.

ಅಷ್ಟರಲ್ಲಿ ತಪಸ್ಸುಕಾಲ ಬಂತು, ಈಸ್ಟರಿಗೆ ಮುಂಚಿನ ನಲವತ್ತು ದಿನ. ಒಬ್ಬೊಬ್ಬರು ಒಂದೊಂದು ಬಿಡುವುದು ನಮ್ಮ ವಾಡಿಕೆ. ಜೆನಿಟಾ ಮೊಬೈಲಿನಲ್ಲಿ ಸಿನಿಮಾ ಬಿಟ್ಟಳು. ಲಿಲ್ಲಿ ಬಂಗುಡೆ ಮೀನು ಬಿಟ್ಟಳು; ಕುಂದಾಪುರದವರಿಗೆ ಇದಕ್ಕಿಂತ ದೊಡ್ಡ ತ್ಯಾಗ ಗೊತ್ತಿಲ್ಲ. ಎಂಬತ್ತಮೂರರ ಅಮ್ಮನನ್ನು ಕೇಳಿದರೆ, "ನಂದ್ ನಂಗೂ ದೇವ್ರಿಗೂ ಗೊತ್ತಿತ್ತ್" ಎಂದು ಬಾಯಿ ಮುಚ್ಚಿಸಿದಳು.

ಶುಕ್ರವಾರಗಳಂದು ಅಮ್ಮ ನನ್ನ ಜೊತೆ ಆಸ್ಪತ್ರೆಗೆ ಬಂದು ಹೊರಗೆ ಬೆಂಚಿನಲ್ಲಿ ಜಪಸರ ಹಿಡಿದು ಕೂರುತ್ತಾಳೆ. ಮೂರನೇ ಶುಕ್ರವಾರ, ಮಾರ್ಚ್ ಸೆಕೆಯಲ್ಲಿ, ಜಪಸರದ ಸಮೇತ ಹಾಗೇ ಪಕ್ಕಕ್ಕೆ ವಾಲಿಬಿಟ್ಟಳು. ಕೆಳಗಿನ ವಾರ್ಡಿಗೆ ಹೊತ್ತೊಯ್ದರು. "ಅಜ್ಜಿಯ ಮೈಯಲ್ಲಿ ನೀರೇ ಇಲ್ಲ" ಎಂದರು ಡಾಕ್ಟರು. ಮಹಡಿಯ ಮೇಲೆ ಯಂತ್ರ ನನ್ನಿಂದ ನೀರು ತೆಗೆಯುತ್ತಿತ್ತು, ಕೆಳಗೆ ಬಾಟಲಿ ಅಮ್ಮನಿಗೆ ನೀರು ಹಾಕುತ್ತಿತ್ತು. ನಡುವೆ ಒಂದು ಪೈಪು ಎಳೆದಿದ್ದರೆ ಸರ್ಕಾರಕ್ಕೆ ಎಷ್ಟು ಉಳಿತಾಯ! ಸುದ್ದಿ ಕೇಳಿ ಓಡಿಬಂದು ಮೆಟ್ಟಿಲು ಹತ್ತಿ ಇಳಿದು ಸಾಕಾಗಿದ್ದ ಲಿಲ್ಲಿಗೆ ಇದನ್ನು ಹೇಳಿದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಯಂತ್ರವೇ ನಿಲ್ಲಬೇಕಿತ್ತು.

ಡಯಾಲಿಸಿಸ್ ಮುಗಿಸಿ ನಾನು ಕೆಳಗಿಳಿದಾಗ ಕಣ್ಣು ಬಿಟ್ಟ ಅಮ್ಮ ಒಪ್ಪಿಕೊಂಡಳು. "ಮಗ ಕುಡ್ದಷ್ಟೇ ನಾನೂ ಕುಡೂದ್ ಅಂದ್ ಹರ್ಕಿ ಹೇಳ್ಕಂಡಿದ್ದೆ. ಅವ್ನ್ ಆಸ್ರಿ ಅರ್ಧ ನಂಗ್ ಬರ್ಲಿ ಅಂದ್."

ಕೇಳಿದ ಮೇಲೆ ನನಗೆ ತಮಾಷೆ ಹತ್ತಿರ ಸುಳಿಯಲಿಲ್ಲ. ಅಮ್ಮ ನೋಡಿ ನೋಡಿ ಕುಡಿದದ್ದು ನಾನು ಎದುರಿಗೆ ಕುಡಿದಷ್ಟನ್ನು. ಶೇಷಕ್ಕನ ಚೊಂಬಿನದು, ಬಾವಿಕಟ್ಟೆಯದು, ಕದ್ದದ್ದೊಂದೂ ಅವಳಿಗೆ ಗೊತ್ತಿಲ್ಲ. ಕಿಡ್ನಿ ಕೆಟ್ಟ ಮಗ ಕಳ್ಳತನದಲ್ಲಿ ತೇಲುತ್ತಿದ್ದ, ಗಟ್ಟಿಮುಟ್ಟಾದ ತಾಯಿ ನಿಯತ್ತಿನಲ್ಲಿ ಒಣಗುತ್ತಿದ್ದಳು. ಅವಳಿಗೇನಾದರೂ ಆಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಬದುಕುತ್ತಿದ್ದೆ?

ಮನೆಗೆ ಬಂದ ಮೇಲೂ ಅಮ್ಮ ಪಟ್ಟು ಬಿಡಲಿಲ್ಲ. ಈಸ್ಟರ್ ತನಕ ಇಷ್ಟೇ. ನಾನು ಕದ್ದದ್ದನ್ನೆಲ್ಲ ಹೇಳಿ ಕಾಲು ಹಿಡಿದೆ. ಅಮ್ಮ ಹೆದರಿದ ಮುಖದಲ್ಲಿ, "ಹರ್ಕಿ ಮುರ್ದ್ರೆ ನಿಂಗೇ ತಟ್ಟೂದ್ ಮಗಾ" ಎಂದಳು.

ಕೊನೆಗೆ ಫಾದರ್‌ಗೆ ಹೇಳಿ ಕಳಿಸಿದೆ. ಹರಕೆಯನ್ನು ಮುರಿಯಬಾರದು, ಆದರೆ ಪಾದ್ರಿಗಳು ಅದನ್ನು ಬೇರೊಂದಕ್ಕೆ ಬದಲಿಸಿ ಕೊಡಬಹುದು. ಶನಿವಾರ ಬೈಕಿನಲ್ಲಿ ಬಂದ ಫಾದರ್ ಎಲ್ಲ ಕೇಳಿದರು. ಪಾಪನಿವೇದನೆಯ ಗುಟ್ಟು ಬಿಡುವಂತಿಲ್ಲವಲ್ಲ, ನನ್ನನ್ನು ಸುಮ್ಮನೆ ಒಂದು ಸಲ ನೋಡಿದರು. ಆಮೇಲೆ, "ಅಮ್ಮಾ, ಈ ಹರಕೆ ಸುಲಭದ್ದಾಯಿತು. ಕಷ್ಟದ್ದು ಕೊಡುತ್ತೇನೆ. ದಿನಾ ಜಪಸರ ಮುಗಿದ ಮೇಲೆ ಮಗನ ಎದುರು ಕೂತು ಒಂದು ಚೊಂಬು ನೀರು ಪೂರ್ತಿ ಕುಡಿಯಬೇಕು. ಹಗಲಲ್ಲೂ ಬಾಯಾರಿದಾಗಲೆಲ್ಲ ಅವನೆದುರೇ ಕುಡಿಯಬೇಕು, ಅಡಗಿ ಕೂತು ಅಲ್ಲ" ಎಂದರು.

"ಅದ್ ಆಪ್ದಲ್ಲ ಫಾದರ್. ಬೇರೆ ಎಂತಾರೂ ಹೇಳಿ."

"ಆಗುವಂಥದ್ದಾದರೆ ಹರಕೆ ಯಾಕಮ್ಮ?"

ಅಂದು ಸಂಜೆ ಜಪಸರ ಮುಗಿಯಿತು. ಅಮ್ಮ ಚೊಂಬು ಎತ್ತಿದಳು. ಕಣ್ಣು ಮುಚ್ಚಿ, ಔಷಧಿ ಕುಡಿಯುವವಳಂತೆ ಒಂದು ಗುಟುಕು. ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದಳು. "ಪೂರ್ತಿ ಅಮ್ಮ" ಎಂದೆ. ಹೊಟ್ಟೆಕಿಚ್ಚಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಆ ಸುಕ್ಕುಗಟ್ಟಿದ ಗಂಟಲು ಏರಿ ಇಳಿಯುವುದನ್ನು ಎಷ್ಟು ನೋಡಿದರೂ ಸಾಲದೆನ್ನಿಸಿತು.

ಅಮ್ಮ ಖಾಲಿ ಚೊಂಬು ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ನಿನ್ ಪಾಲಿದೂ ಸೇರ್ಸಿ ಕುಡ್ದೆ ಮಗಾ," ಎಂದಳು.

ದೇವರಾಣೆ, ತೇಗು ಬಂದದ್ದು ನನಗೆ.