ಬರೀ ನೆಲಕ್ಕೆ ಊದಿನಕಡ್ಡಿ

ಜನರೇಟರ್ ಇಡುವ ಮೊದಲು ಬರೀ ನೆಲಕ್ಕೆ ಊದಿನಕಡ್ಡಿ ಹಚ್ಚುವ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿದ್ದರೆ, ಯಾಕೆ ಹಚ್ಚುತ್ತಾನೆ ಹೇಳಿ ನೋಡೋಣ. ನನಗಂತೂ ಆರು ಮಳೆಗಾಲ ತಿಳಿಯಲಿಲ್ಲ.

ಅವನು ದಸ್ತಗೀರ, ಇಂಡಿ ಕಡೆಯವನು. ಗೋವಾದ ಕುಡಚಡೆಯ ನಮ್ಮ ಚಾಳಿನಲ್ಲಿ ಯಾರ ಜನರೇಟರ್ ಕೆಮ್ಮಿದರೂ ಅವನೇ ಬರಬೇಕು. ಮೇ ತಿಂಗಳಲ್ಲಿ ಒಂದು ಮೋಡ ಕಂಡರೆ ಸಾಕು, ಪ್ಲಗ್ಗು ಉಜ್ಜುವ ಹಳೆಯ ಹಲ್ಲಿನ ಬ್ರಷ್ಷು ಕಿವಿಗೆ ಸಿಕ್ಕಿಸಿಕೊಂಡು ಹಾಜರಾಗುತ್ತಿದ್ದ. ಮೊದಲು ನಮ್ಮ ಮನೆಗೆ. ಯಾಕೆಂದರೆ ನಮ್ಮ ಯಜಮಾನರು ಗಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವರು. ಅವರ ಮೂಗಿಗೆ ಗಾಳಿ ಕೊಡುವ ಯಂತ್ರ ಕರೆಂಟಿನ ಮೇಲೆ ನಡೆಯುತ್ತದೆ. ಬಿರುಗಾಳಿಗೆ ತಂತಿ ಹರಿದರೆ ಇಲ್ಲಿ ಎರಡು ದಿನ ಕರೆಂಟಿಲ್ಲ.

ಅವನ ಪಾಠ ಒಂದೂ ನನ್ನ ತಲೆಗೆ ಹೋಗುತ್ತಿರಲಿಲ್ಲ.

"ಪೆಟ್ರೋಲ್ ಡಬ್ಬಿ ಕಂಠಮಟ ತುಂಬಬ್ಯಾಡ್ರಿ, ನಾಕ ಬೆರಳ ಬಿಡ್ರಿ. ಹೋದ ವರ್ಷದ್ದು ಹಾಕಬ್ಯಾಡ್ರಿ. ಕರೆಂಟ್ ಇದ್ದಾಗ ವಾರಕ್ಕೊಮ್ಮಿ ಚಾಲೂ ಮಾಡ್ರಿ. ಕರೆಂಟ್ ಹೋದಾಗ ನಡುನಡುವ ಬಂದ್ ಮಾಡಿ, ತಣ್ಣಗಾದ ಮ್ಯಾಲ ಪೆಟ್ರೋಲ್ ಹಾಕ್ರಿ. ಅಲ್ಲೀತನಾ ಯಜಮಾನ್ರಿಗೆ ಸಣ್ಣ ಆಕ್ಸಿಜನ್ ಸಿಲಿಂಡರ್ ಐತಿ."

"ಕರೆಂಟ್ ಇದ್ದಾಗ ಹಚ್ಚೂದು, ಹೋದಾಗ ಆರಿಸೂದು. ನಿನ್ನ ತಲಿ ನೆಟ್ಟಗೈತೇನೋ?"

"ನೆಟ್ಟಗಿತ್ರಿ ಅಮ್ಮಾರ. ನಿಮಗ ಹೇಳಿ ಹೇಳಿ ಡೊಂಕಾಗಾಕತ್ತೈತಿ."

ಆಮೇಲೆ ಅಂಗಳದ ಮೂಲೆಯಲ್ಲಿ ಊದಿನಕಡ್ಡಿ ನೆಟ್ಟು, ಕುಕ್ಕರುಗಾಲಲ್ಲಿ ಕೂತು ಹೊಗೆಯನ್ನೇ ನೋಡುತ್ತಿದ್ದ. ಒಮ್ಮೊಮ್ಮೆ ಜಾಗ ಬದಲಿಸಿ ಮತ್ತೊಂದು ಹಚ್ಚುತ್ತಿದ್ದ. ಕಡ್ಡಿ ಪೂರ್ತಿ ಆರಿದ ಮೇಲೆ ಅಲ್ಲಿ ತಗಡಿನ ಚಪ್ಪರ ನಿಲ್ಲಿಸಿ ಜನರೇಟರ್ ಇಡುತ್ತಿದ್ದ. ಸಾಬರವನು ಭೂಮಿಪೂಜೆ ಮಾಡುತ್ತಾನಲ್ಲ ಅಂತ ನಾನು ಪಕ್ಕದಲ್ಲಿ ಕೈ ಮುಗಿದು ನಿಲ್ಲುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಕರೆಂಟ್ ಹೋಯಿತು. ಮಳೆ ಅಡ್ಡಡ್ಡ ಹೊಡೆದು ಚಪ್ಪರದ ಕೆಳಗೂ ನುಗ್ಗಿತು. ಜನರೇಟರ್ ನೆನೆದು ಕೆಟ್ಟರೆ ಯಜಮಾನರ ಗತಿ? ಗಾಲಿ ಇದ್ದದ್ದರಿಂದ ನಾನೇ ಅದನ್ನು ಅವರು ಮಲಗಿದ್ದ ಪಡಸಾಲೆಗೆ ಎಳೆದು ತಂದು, ಕಿಟಕಿ ಬಾಗಿಲು ಹಾಕಿ ಚಾಲೂ ಮಾಡಿದೆ. ಜಾಗ ಬದಲಾದ ಮೇಲೆ ಪೂಜೆಯೂ ಆಗಬೇಕಲ್ಲ ಅಂತ ಪಕ್ಕದಲ್ಲೇ ಒಂದು ಊದಿನಕಡ್ಡಿ ಹಚ್ಚಿದೆ. ಯಜಮಾನರು ತಲೆ ಸಿಡಿಯುತ್ತದೆ ಅಂದರು. ಆಮೇಲೆ ಮಾತು ನಿಲ್ಲಿಸಿ ಕಣ್ಣು ಮುಚ್ಚಿದರು. ಪಾಪ, ನಿದ್ದೆ ಹತ್ತಿತು ಅಂದುಕೊಂಡೆ. ನನಗೂ ತೂಕಡಿಕೆ.

ಮಳೆಯಲ್ಲೇ ಮನೆಮನೆ ನೋಡುತ್ತ ಬಂದ ದಸ್ತಗೀರ ಬಾಗಿಲು ಒದ್ದು ಒಳಗೆ ಬಂದ. ಕಡ್ಡಿಯನ್ನು ಬರಿಗೈಯಲ್ಲಿ ಹೊಸಕಿದ, ಜನರೇಟರ್ ಆರಿಸಿದ, ಯಜಮಾನರನ್ನು ಮಂಚದ ಸಮೇತ ಜಗಲಿಗೆ ಎಳೆದು ಸಿಲಿಂಡರಿನ ನಳಿಕೆ ಮೂಗಿಗೆ ಸಿಕ್ಕಿಸಿದ. ಅವರು ಕಣ್ಣು ಬಿಡುವವರೆಗೆ ಅವನು ನನ್ನ ಕಡೆ ನೋಡಲೇ ಇಲ್ಲ.

"ನೀವು ಹಚ್ಚಿದ ಕಡ್ಡಿ ಹೊಗಿ ಎತ್ತಾಗ ಹೋತ್ರಿ?"

"ಅವರ ಮಂಚದ ಕಡೆ. ಚಲೋನ ಆತು ಅಂದ್ಕೊಂಡೆ."

"ಜನರೇಟರ್ ಹೊಗೀನೂ ಅದ ಹಾದಿ ಹಿಡಿತೈತ್ರಿ. ಅದಕ್ಕ ವಾಸನಿ ಇರಲಿ ಬಿಡಲಿ, ಮಂದಿ ಮಲಗಿದಲ್ಲೇ ಹೋಗ್ತಾರ. ಗಾಳಿ ಮನಿ ಕಡೆ ತಿರುಗತೈತೇನು ನೋಡಾಕ ನಾ ಕಡ್ಡಿ ಹಚ್ಚತಿದ್ದೆ. ಪೂಜಿ ಯಾರ ಮಾಡಿದ್ರು?"

ಚಪ್ಪರದ ಗಾಳಿ ಬದಿಗೆ ಇನ್ನೊಂದು ತಗಡು ಬಡಿದು, ಜನರೇಟರ್ ಅಲ್ಲೇ ಇಟ್ಟು ಹೋದ. ಒಂದೇ ಪಡಸಾಲೆಯಲ್ಲಿ ನಾನು ಅವರಿಗೆ ಉಸಿರೂ ಕೊಟ್ಟೆ, ವಿಷವೂ ಕೊಟ್ಟೆ. ಯಾವುದಕ್ಕೆ ಅಳಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಈ ವರ್ಷ ಮೊಣಕಾಲು ನೋವು ಅಂತ ಅವನು ಊರಿಗೇ ಹೊರಟ. ರೊಟ್ಟಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆ. ಗಾಡಿ ಅಲುಗಿದಾಗ ಕಿಟಕಿಯ ಸರಳು ಹಿಡಿದು ಕೇಳಿದೆ: "ಮಳಿ ಬಂತು. ನಮ್ಮವರನ್ನ ಯಾರ ಕೈಯಾಗ ಕೊಟ್ಟು ಹೊಂಟ್ಯೋ?"

"ಅವರನ್ನ ಕೊಲ್ಲೂದು ಹೆಂಗಂತ ಓಣಿಯಾಗ ನಿಮಗೊಬ್ಬರಿಗೇ ಗೊತ್ತೈತ್ರಿ, ಅಮ್ಮಾರ. ಕಾಯಾಕ ನಿಮಗಿಂತ ಚಲೋ ಯಾರ ಸಿಗ್ತಾರ?"